ಮಣೂಕದ ಲಾಟಿಗೆ ಮೂರು ಕೀಲಿ: ಕ್ಲೌಡ್ ಮೇಲಿನ ಫ್ಯಾಬ್ರಿಕ್ ಲೆಡ್ಜರಿನಲ್ಲಿ ಅಧಿಕಾರ ಕೊಡುವುದು, ಕಿತ್ತುಕೊಳ್ಳುವುದು

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಶೆಡ್ಡಿನಲ್ಲಿ ಒಣಗಿ ಮಣೂಕವಾಗಿ, 15 ಕಿಲೋ ಬಾಕ್ಸುಗಳಲ್ಲಿ ಕೋಲ್ಡ್ ಸ್ಟೋರೇಜಿಗೆ ಬರುತ್ತದೆ. ದರ ಏರುವ ತನಕ ಅಲ್ಲೇ ಇರುತ್ತದೆ. ನಡುವೆ ಕೈಗೆ ದುಡ್ಡು ಬೇಕಾದರೆ ಆ ರಸೀದಿಯ ಮೇಲೆ ಬ್ಯಾಂಕಿನಿಂದ ಸಾಲ. ಇಂಥ ವ್ಯವಹಾರದಲ್ಲಿ ಜಗಳ ಹುಟ್ಟುವ ಜಾಗ ಎರಡೇ: ಒಂದೇ ಲಾಟಿನ ರಸೀದಿ ಎರಡು ಕಡೆ ಅಡವು ಬೀಳುವುದು, ಇಲ್ಲವೇ ಬೋಜಾ (ಮಾಲಿನ ಮೇಲಿನ ಸಾಲದ ಹೊರೆ) ಇಳಿಯುವ ಮೊದಲೇ ಮಾಲು ಗೇಟು ದಾಟುವುದು. ಇವೆರಡನ್ನೂ ತಡೆಯಲು ಬೆಳೆಗಾರರ ಉತ್ಪಾದಕ ಕಂಪನಿ, ಕೋಲ್ಡ್ ಸ್ಟೋರೇಜ್, ಬ್ಯಾಂಕು ಮೂವರೂ ಸೇರಿ ನಡೆಸುವ ಒಂದು ಹೈಪರ್‌ಲೆಡ್ಜರ್ ಫ್ಯಾಬ್ರಿಕ್ 2.5 (ಸದಸ್ಯ ಸಂಸ್ಥೆಗಳಷ್ಟೇ ಸೇರಬಲ್ಲ ಬ್ಲಾಕ್‌ಚೈನ್ ತಂತ್ರಾಂಶ) ಜಾಲ ಕಟ್ಟಿದ ಲಾಗ್ ಇದು. ಲೆಕ್ಕಪರಿಶೋಧಕರು ನಾಲ್ಕನೆಯವರು. ಅವರು ನೋಡಬಹುದು, ಬರೆಯುವಂತಿಲ್ಲ.

ಚೈನ್‌ಕೋಡ್, ಅಂದರೆ ಲೆಡ್ಜರಿನ ವ್ಯವಹಾರ ನಿಯಮಗಳ ಪ್ರೋಗ್ರಾಮ್, ಬರೆಯುವುದು ಇಲ್ಲಿ ದೊಡ್ಡ ಕೆಲಸವಲ್ಲ. 400 ಬಾಕ್ಸಿನ ಲಾಟು, ಅಂದರೆ 6 ಟನ್ ಮಾಲನ್ನು ಹೊರಗೆ ಬಿಡುವ ಅಧಿಕಾರ ಯಾರ ಕೈಯಲ್ಲಿದೆ, ಅವರು ಕೆಲಸ ಬಿಟ್ಟ ದಿನ ಅದು ನಿಜವಾಗಿ ಹೋಗುತ್ತದೆಯೇ ಎಂಬುದೇ ದೊಡ್ಡ ಕೆಲಸ. ಅಧಿಕಾರ ಮೂರು ಕಡೆ ಇರುತ್ತದೆ: ಕ್ಲೌಡ್ ಖಾತೆ, ಅದರ ಮೇಲಿನ ಲಿನಕ್ಸ್ ಯಂತ್ರ, ಫ್ಯಾಬ್ರಿಕ್ ಸರ್ಟಿಫಿಕೇಟ್. ಒಂದರಲ್ಲಿ ತೆಗೆದರೆ ಇನ್ನೊಂದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ.

ಸಾಮಾನು

ಸಿದ್ಧ ಬ್ಲಾಕ್‌ಚೈನ್ ಸೇವೆ ಕೊಳ್ಳದೆ ಸ್ವಂತ ಯಂತ್ರಗಳಲ್ಲೇ ಕಟ್ಟಿದ್ದಕ್ಕೆ ಕಾರಣ ಸರಳ. ಅಜೂರ್ ಬ್ಲಾಕ್‌ಚೈನ್ ಸರ್ವಿಸ್ 2021ರ ಸೆಪ್ಟೆಂಬರ್ 10ಕ್ಕೆ ಅಂಗಡಿ ಮುಚ್ಚಿತು. ಹತ್ತು ವರ್ಷದ ಲೆಕ್ಕ ಇಡಬೇಕಾದ ಪುಸ್ತಕ ಅಂಥ ಕಡೆ ಇದ್ದರೆ ಪ್ರತಿ ಸಲ ಗಂಟುಮೂಟೆ ಕಟ್ಟಬೇಕು.

ಎಡಬ್ಲ್ಯುಎಸ್‌ನ ಮುಂಬಯಿ ರೀಜನ್ನಿನಲ್ಲಿ ಮೂರು ಸಂಸ್ಥೆಗೆ ಮೂರು ಬೇರೆ ಬೇರೆ ಖಾತೆ. ಇದರಲ್ಲಿ ರಾಜಿ ಇಲ್ಲ. ಎಲ್ಲರ ಪೀರ್‌ಗಳೂ (ಲೆಡ್ಜರಿನ ಪ್ರತಿ ಇಟ್ಟು ಚೈನ್‌ಕೋಡ್ ಓಡಿಸುವ ಸರ್ವರ್‌ಗಳು) ಒಬ್ಬರ ಖಾತೆಯಲ್ಲೇ ಕೂತರೆ, ಆ ಖಾತೆಯ ಮಾಲೀಕ ಬ್ಯಾಂಕಿನ ಖಾಸಗಿ ಕೀಲಿಯನ್ನೂ ಓದಬಲ್ಲ. ಆಮೇಲೆ ಬ್ಲಾಕ್‌ಚೈನ್ ಎಂಬುದು ಬರೀ ಬೋರ್ಡು. ಪ್ರತಿ ಖಾತೆಯಲ್ಲಿ ಒಂದು ಟಿ3.ಮೀಡಿಯಂ (2 ವಿಸಿಪಿಯು, 4 ಜಿಬಿ) ಮೇಲೆ ಪೀರ್, ಅದರ ಡೇಟಾಬೇಸ್ ಕೌಚ್‌ಡಿಬಿ, ವಹಿವಾಟುಗಳನ್ನು ಸಾಲಾಗಿ ಜೋಡಿಸಿ ಬ್ಲಾಕ್ ಮಾಡುವ ಒಂದು ಆರ್ಡರರ್. ಒಟ್ಟು ಮೂರು ಆರ್ಡರರ್ ಇರುವುದರಿಂದ ರಾಫ್ಟ್ (ಬಹುಮತದಿಂದ ಒಪ್ಪುವ ಪದ್ಧತಿ) ಲೆಕ್ಕದಲ್ಲಿ ಒಂದು ಬಿದ್ದರೂ ಕೆಲಸ ನಿಲ್ಲುವುದಿಲ್ಲ, ಎರಡು ಬಿದ್ದರೆ ನಿಲ್ಲುತ್ತದೆ. ಸರ್ಟಿಫಿಕೇಟ್ ಕೊಡುವ ಸರ್ವರ್ ಆದ ಫ್ಯಾಬ್ರಿಕ್ ಸಿಎಗೆ ಬೇರೆಯದೇ ಒಂದು ಟಿ3.ಸ್ಮಾಲ್. ಈ ಸಿಎ ಯಂತ್ರವನ್ನು ಹೊಸ ಹೆಸರು ಸೇರಿಸುವ, ತೆಗೆಯುವ ದಿನ ಬಿಟ್ಟು ಉಳಿದ ದಿನ ಆಫ್ ಮಾಡಿಯೇ ಇಡುವುದು. ವಹಿವಾಟು ನಡೆಯಲು ಸಿಎ ಎದ್ದಿರಬೇಕಿಲ್ಲ. ಹಲವರಿಗೆ ಇದು ಗೊತ್ತಿಲ್ಲದೆ ವರ್ಷಪೂರ್ತಿ 7054 ಪೋರ್ಟ್ ತೆರೆದು ಕೂರುತ್ತಾರೆ.

ಮೊದಲ ಕೀಲಿ: ಕ್ಲೌಡ್ ಖಾತೆ

ರೂಟ್ ಯೂಸರಿಗೆ ಎರಡು ಯುಎಸ್‌ಬಿ ಭದ್ರತಾ ಕೀಲಿ ಜೋಡಿಸಿ, ಎರಡನ್ನೂ ಬೇರೆ ಬೇರೆ ಲಾಕರಿನಲ್ಲಿ ಇಟ್ಟಿದ್ದು. ದಿನದ ಕೆಲಸಕ್ಕೆ ಐಎಎಂ (ಎಡಬ್ಲ್ಯುಎಸ್‌ನ ಅನುಮತಿ ವ್ಯವಸ್ಥೆ) ಯೂಸರ್ ಇಲ್ಲ, ಆ್ಯಕ್ಸೆಸ್ ಕೀ ಇಲ್ಲ; ಎಲ್ಲರೂ ಎಡಬ್ಲ್ಯುಎಸ್‌ನ ಲಾಗಿನ್ ಬಾಗಿಲಾದ ಐಡೆಂಟಿಟಿ ಸೆಂಟರ್ ಮೂಲಕವೇ ಬರಬೇಕು. ಸೆಷನ್ ಅವಧಿ 1 ತಾಸು. 12 ತಾಸಿನ ತನಕ ಏರಿಸಬಹುದು, ಏರಿಸಬಾರದು. ಹೆಸರು ತೆಗೆದ ಮೇಲೂ ಆಗಲೇ ಪಡೆದ ಸೆಷನ್ ತನ್ನ ಅವಧಿ ಮುಗಿಯುವ ತನಕ ಉಸಿರಾಡುತ್ತಿರುತ್ತದೆ.

ಪಾತ್ರಗಳು ಮೂರೇ. ನೋಡುವವರು, ಯಂತ್ರ ನಡೆಸುವವರು, ಸಿಎ ತೆರೆಯುವವರು. ಯಂತ್ರ ನಡೆಸುವವರಿಗೆ ಸಿಎ ಯಂತ್ರ ಸ್ಟಾರ್ಟ್ ಮಾಡುವ ಅನುಮತಿ ಇಲ್ಲ. ಸೆಷನ್ ಮ್ಯಾನೇಜರಿನಲ್ಲಿ (ಎಸ್‌ಎಸ್‌ಎಚ್ ಇಲ್ಲದೆ ಯಂತ್ರದೊಳಗೆ ಹೋಗುವ ಎಡಬ್ಲ್ಯುಎಸ್ ಸೇವೆ) ಟ್ಯಾಗ್ ಷರತ್ತು ಹಾಕಿ ಇದನ್ನು ಬಿಗಿ ಮಾಡಬೇಕು, ಇಲ್ಲದಿದ್ದರೆ ಸೆಷನ್ ತೆರೆಯುವ ಒಂದೇ ಅನುಮತಿ ಖಾತೆಯ ಎಲ್ಲ ಯಂತ್ರಕ್ಕೂ ಹೋಗುತ್ತದೆ. ಎಸ್‌ಎಸ್‌ಎಚ್‌ನ 22ನೇ ಪೋರ್ಟ್ ಪೂರ್ತಿ ಬಂದ್.

ಮರೆತುಹೋಗುವ ಕಿಂಡಿ ಡಿಸ್ಕ್ ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕಿನ ಪೂರ್ತಿ ನಕಲು. ಯಂತ್ರದೊಳಗೆ ಕಾಲಿಡಲು ಬಿಡದಿದ್ದರೂ, ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆದು ಬೇರೆ ಖಾತೆಗೆ ಹಂಚಬಲ್ಲವನು ಪೀರಿನ ಕೀಲಿಯನ್ನು ಮನೆಯಲ್ಲಿ ಕೂತು ತೆರೆಯಬಲ್ಲ. ಎಡಬ್ಲ್ಯುಎಸ್ ತಾನೇ ಕೊಡುವ ಡಿಫಾಲ್ಟ್ ಕೀಲಿಯಿಂದ ಎನ್‌ಕ್ರಿಪ್ಟ್ ಆದ ಸ್ನ್ಯಾಪ್‌ಶಾಟನ್ನು ಬೇರೆ ಖಾತೆಗೆ ಹಂಚಲು ಬರುವುದಿಲ್ಲ. ನಮ್ಮದೇ ಕೆಎಂಎಸ್ (ಎಡಬ್ಲ್ಯುಎಸ್‌ನ ಕೀಲಿ ಸೇವೆ) ಕೀಲಿ ಬಳಸಿದರೆ ಅದನ್ನು ಯಾರು ಬಳಸಬಹುದು ಎಂಬ ಕೀ ಪಾಲಿಸಿ ನೋಡಿಕೊಳ್ಳಬೇಕು. ಇಲ್ಲಿ ಸ್ವಂತ ಕೀಲಿ ಬಳಸಿ, ಸ್ನ್ಯಾಪ್‌ಶಾಟ್ ಹಂಚುವ ಅನುಮತಿಯನ್ನು ಎಲ್ಲ ಪಾತ್ರಕ್ಕೂ ನಿರಾಕರಿಸಿದ್ದು. ಇಂಥ ಕೀಲಿಗೆ ತಿಂಗಳಿಗೆ 1 ಡಾಲರ್.

ಯಾರು ಏನು ಮಾಡಿದರು ಎಂಬ ಕ್ಲೌಡ್‌ಟ್ರೇಲ್ ದಾಖಲೆ ತಾನಾಗಿ 90 ದಿನ ಮಾತ್ರ ಸಿಗುತ್ತದೆ. ಮಣೂಕ ಫೆಬ್ರುವರಿಯಲ್ಲಿ ಒಳಗೆ ಬಂದು ದೀಪಾವಳಿಗೆ ಹೊರಗೆ ಹೋಗುತ್ತದೆ, 90 ದಿನ ಯಾವ ಮೂಲೆಗೂ ಸಾಲದು. ಟ್ರೇಲನ್ನು ಎಸ್3 ಬಕೆಟ್ಟಿಗೆ (ಕ್ಲೌಡಿನ ಫೈಲ್ ಗೋದಾಮು) ಹರಿಸಿ, ಆಬ್ಜೆಕ್ಟ್ ಲಾಕ್‌ನ ಕಂಪ್ಲಯನ್ಸ್ ಮೋಡಿನಲ್ಲಿ 400 ದಿನ ಇಟ್ಟಿದ್ದು. ಈ ಮೋಡಿನಲ್ಲಿ ರೂಟ್ ಯೂಸರ್ ಕೂಡ ಅವಧಿಗೆ ಮೊದಲು ಅಳಿಸಲಾರ. ದಿನ ತಪ್ಪಾಗಿ ಹಾಕಿದರೂ ಹಿಂದೆ ಬರುವ ದಾರಿ ಇಲ್ಲ, ಮೊದಲು 1 ದಿನ ಇಟ್ಟು ಪರೀಕ್ಷಿಸಿ.

ಎರಡನೆಯ ಕೀಲಿ: ಯಂತ್ರದೊಳಗೆ

ಸೆಷನ್ ಮ್ಯಾನೇಜರಿನಿಂದ ಒಳಗೆ ಬಂದವರು ಸಾಮಾನ್ಯವಾಗಿ ಎಸ್‌ಎಸ್‌ಎಂ-ಯೂಸರ್ ಹೆಸರಿನಲ್ಲಿ ಇಳಿಯುತ್ತಾರೆ. ಆ ಯೂಸರಿಗೆ ಸುಡೊ ಅಧಿಕಾರ ಮೊದಲೇ ಇರುತ್ತದೆ. ಅಂದರೆ ಲಾಗ್ ನೋಡಲು ಬಿಟ್ಟವರೂ ರೂಟ್ ಆಗಬಹುದು. ಸೆಷನ್ ಪ್ರಿಫರೆನ್ಸಿನಲ್ಲಿ ರನ್ ಆ್ಯಸ್ ಆನ್ ಮಾಡಿ, ಪಾತ್ರಕ್ಕೊಂದು ಲಿನಕ್ಸ್ ಯೂಸರ್ ಟ್ಯಾಗ್ ಮಾಡಿ ಇದನ್ನು ಸರಿಪಡಿಸಬೇಕು. ಆ ಯೂಸರನ್ನು ಡಾಕರ್ (ಪ್ರೋಗ್ರಾಮ್‌ಗಳನ್ನು ಕಂಟೇನರಿನಲ್ಲಿ ಓಡಿಸುವ ತಂತ್ರಾಂಶ) ಗುಂಪಿಗೆ ಸೇರಿಸಬಾರದು. ಡಾಕರ್ ಗುಂಪು ಎಂದರೆ ರೂಟ್ ಎಂದೇ ಅರ್ಥ: ಹೋಸ್ಟಿನ ಡಿಸ್ಕನ್ನು ಒಂದು ಕಂಟೇನರಿಗೆ ಮೌಂಟ್ ಮಾಡಿ ಕೀಸ್ಟೋರ್ ಫೋಲ್ಡರ್ ಓದಲು ಒಂದೇ ಸಾಲು ಸಾಕು. ಲಾಗ್ ನೋಡುವವರಿಗೆ ಪೀರ್ ಲಾಗನ್ನು ಕ್ಲೌಡ್‌ವಾಚಿಗೆ ಕಳಿಸಿ ಅಲ್ಲೇ ತೋರಿಸುವುದು ಲೇಸು.

ಈಗ ಕೌಚ್‌ಡಿಬಿ. ಕೋಟೆಯ ಹೆಬ್ಬಾಗಿಲಿಗೆ ಅಗುಳಿ ಹಾಕಿ ದಿಡ್ಡಿ ಬಾಗಿಲು ತೆರೆದಿಟ್ಟಂತೆ ಆಗುವುದು ಇಲ್ಲೇ. ಪರೀಕ್ಷಾ ಜಾಲದ ಕಂಪೋಸ್ ಫೈಲನ್ನು ನಕಲು ಮಾಡಿದರೆ 5984 ಪೋರ್ಟ್ ಎಲ್ಲ ವಿಳಾಸಕ್ಕೂ ತೆರೆದುಕೊಳ್ಳುತ್ತದೆ, ಬಳಕೆದಾರ ಹೆಸರು ಅಡ್ಮಿನ್, ಪಾಸ್‌ವರ್ಡ್ ಅಡ್ಮಿನ್‌ಪಿಡಬ್ಲ್ಯು. ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿದ್ದೇವೆ ಎಂದು ನಂಬಬೇಡಿ. ಡಾಕರ್ ತನ್ನ ಐಪಿಟೇಬಲ್ಸ್ ನಿಯಮ ತಾನೇ ಬರೆದು ಯುಎಫ್‌ಡಬ್ಲ್ಯುವನ್ನು ದಾಟಿ ಹೋಗುತ್ತದೆ. ಕೌಚ್‌ಡಿಬಿಗೆ ನೇರ ತಲುಪಿದವನಿಗೆ ಚೈನ್‌ಕೋಡಿನ ಯಾವ ತಪಾಸಣೆಯೂ ಅಡ್ಡ ಬರುವುದಿಲ್ಲ. ಓದುವುದಷ್ಟೇ ಅಲ್ಲ, ಅಲ್ಲಿ ಒಂದು ದಾಖಲೆ ತಿದ್ದಿದರೆ ಆ ಪೀರಿನ ವರ್ಲ್ಡ್ ಸ್ಟೇಟ್ (ಈ ಹೊತ್ತಿನ ಲೆಕ್ಕ) ಬದಲಾಗುತ್ತದೆ, ಬ್ಲಾಕ್‌ಗಳಲ್ಲಿ ಗುರುತೇ ಇರುವುದಿಲ್ಲ. ಉಳಿದ ಪೀರ್‌ಗಳ ಉತ್ತರದೊಡನೆ ತಾಳೆಯಾಗದೆ ಎಂಡಾರ್ಸ್‌ಮೆಂಟ್ (ಪೀರ್‌ಗಳ ಒಪ್ಪಿಗೆಯ ಸಹಿ) ಸೋತಾಗಲೇ ಬೆಳಕಿಗೆ ಬರುವುದು. ಬರೀ ಓದುವ ಕ್ವೆರಿಯಾದರೆ ಬರುವುದೇ ಇಲ್ಲ. ಪೋರ್ಟನ್ನು ಪ್ರಕಟಿಸಲೇ ಬಾರದು, ಪೀರ್ ಮತ್ತು ಕೌಚ್‌ಡಿಬಿ ಡಾಕರಿನ ಒಳಜಾಲದಲ್ಲೇ ಮಾತಾಡಿಕೊಳ್ಳಲಿ. ಆರ್ಡರರಿನ ಅಡ್ಮಿನ್ ಪೋರ್ಟ್ 7053, ಪೀರಿನ ಆಪರೇಷನ್ಸ್ ಪೋರ್ಟ್ 9443 ಎರಡನ್ನೂ 127.0.0.1ಕ್ಕೆ ಕಟ್ಟಿದ್ದು. ಸೆಕ್ಯುರಿಟಿ ಗ್ರೂಪಿನಲ್ಲಿ ಹೊರಗೆ ಕಾಣುವುದು 7050 ಮತ್ತು 7051 ಮಾತ್ರ, ಅದೂ ಉಳಿದೆರಡು ಸಂಸ್ಥೆಯ ಎಲಾಸ್ಟಿಕ್ ಐಪಿ ಹಾಗೂ ಆ್ಯಪ್ ಸರ್ವರಿಗೆ.

ಇನ್‌ಸ್ಟೆನ್ಸ್ ಮೆಟಾಡೇಟಾಗೆ (ಯಂತ್ರಕ್ಕೆ ಅದರ ತಾತ್ಕಾಲಿಕ ಕೀಲಿ ಕೊಡುವ ಒಳವಿಳಾಸ) ಎರಡನೇ ಆವೃತ್ತಿ ಕಡ್ಡಾಯ, ಹಾಪ್ ಮಿತಿ 1. ಆಗ ಕಂಟೇನರ್ ಒಳಗಿಂದ ಯಂತ್ರದ ಐಎಎಂ ರೋಲನ್ನು ಎತ್ತಿಕೊಳ್ಳಲು ಬರುವುದಿಲ್ಲ.

ಮೂರನೆಯ ಕೀಲಿ: ಸರ್ಟಿಫಿಕೇಟ್

ಫ್ಯಾಬ್ರಿಕ್‌ನಲ್ಲಿ ಎಂಎಸ್‌ಪಿ ಎಂದರೆ ಬೆಂಬಲ ಬೆಲೆಯಲ್ಲ, ಮೆಂಬರ್‌ಶಿಪ್ ಸರ್ವಿಸ್ ಪ್ರೊವೈಡರ್, ಸಂಸ್ಥೆಯ ಸದಸ್ಯರು ಯಾರು ಎಂದು ಗುರುತಿಸುವ ಸಂರಚನೆ. ರೈತರ ಮುಂದೆ ಈ ಪದ ಬಳಸಿದರೆ ಸಭೆ ಬೇರೆ ಕಡೆಗೆ ಹೊರಳುತ್ತದೆ, ಆದ್ದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ರತಿ ಸಂಸ್ಥೆಗೆ ಒಂದು ಎಂಎಸ್‌ಪಿ. ನೋಡ್ ಓಯು ಆನ್ ಮಾಡಿದರೆ ಸರ್ಟಿಫಿಕೇಟಿನೊಳಗಿನ ಗುರುತು ನೋಡಿಯೇ ಕ್ಲೈಂಟ್, ಪೀರ್, ಅಡ್ಮಿನ್, ಆರ್ಡರರ್ ಎಂದು ವಿಂಗಡಣೆ ಆಗುತ್ತದೆ.

ಸಿಎ ಮೊದಲ ಸಲ ಏಳುವಾಗ ಕೊಡುವ ಅಡ್ಮಿನ್ ಪಾಸ್‌ವರ್ಡನ್ನು ಉದಾಹರಣೆಯಿಂದ ನಕಲು ಮಾಡದೆ 32 ಅಕ್ಷರದ್ದು ಹುಟ್ಟಿಸಿ ಸೀಕ್ರೆಟ್ಸ್ ಮ್ಯಾನೇಜರಿನಲ್ಲಿ (ಒಂದಕ್ಕೆ ತಿಂಗಳಿಗೆ 0.40 ಡಾಲರ್) ಇಟ್ಟಿದ್ದು. ಆ ಮೂಲ ಅಡ್ಮಿನ್‌ನಿಂದ ಸೀಸನ್ನಿನ ಕೆಲಸ ಮಾಡಿಸಬಾರದು. ಅದಕ್ಕೆಂದೇ ಒಬ್ಬ ಸೀಸನ್ ರಿಜಿಸ್ಟ್ರಾರ್: ಕ್ಲೈಂಟ್ ಬಗೆಯ ಹೆಸರು ಮಾತ್ರ ಸೇರಿಸಬಲ್ಲ, ರೋಲ್ ಎಂಬ ಒಂದೇ ಅಟ್ರಿಬ್ಯೂಟ್ ಹಂಚಬಲ್ಲ, ತನ್ನ ಅಫಿಲಿಯೇಷನ್ (ವಿಭಾಗ) ಕೆಳಗಿನವರನ್ನು ಮಾತ್ರ ರದ್ದು ಮಾಡಬಲ್ಲ. ರಿಜಿಸ್ಟ್ರಾರ್ ರೋಲ್‌ಗಳಿಗೆ ನಕ್ಷತ್ರ ಚಿಹ್ನೆ ಕೊಟ್ಟುಬಿಟ್ಟರೆ ಅವನು ತನಗೇ ಒಂದು ಅಡ್ಮಿನ್ ಸರ್ಟಿಫಿಕೇಟ್ ಮಾಡಿಕೊಳ್ಳಬಲ್ಲ.

ರೋಲ್‌ಗಳು ನಾಲ್ಕು. ತೂಕ, ಒಳಬರವು, ಬಿಡುಗಡೆ (ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್), ಬೋಜಾ (ಬ್ಯಾಂಕಿನ ಅಧಿಕಾರಿ). ಹೆಸರು ನೋಂದಾಯಿಸುವಾಗ ಅಟ್ರಿಬ್ಯೂಟಿನ ಕೊನೆಗೆ ಇಸರ್ಟ್ ಎಂಬ ಬಾಲ ಹಚ್ಚಬೇಕು. ಅದು ಬಿಟ್ಟುಹೋದರೆ ಸಿಎ ಡೇಟಾಬೇಸಿನಲ್ಲಿ ರೋಲ್ ಕಾಣುತ್ತದೆ, ಸರ್ಟಿಫಿಕೇಟಿನಲ್ಲಿ ಇರುವುದಿಲ್ಲ. ಚೈನ್‌ಕೋಡ್ "ಅಧಿಕಾರವಿಲ್ಲ" ಎನ್ನುತ್ತದೆ, ಅರ್ಧ ದಿನ ಚೈನ್‌ಕೋಡನ್ನೇ ತಿರುವಿ ಹಾಕುತ್ತ ಕೂರಬೇಕಾಗುತ್ತದೆ. ಓಪನ್‌ಎಸ್‌ಎಸ್‌ಎಲ್‌ನಿಂದ ಸರ್ಟಿಫಿಕೇಟನ್ನು ಪಠ್ಯವಾಗಿ ತೆರೆದು 1.2.3.4.5.6.7.8.1 ಎಂಬ ಓಐಡಿ ಕೆಳಗೆ ರೋಲ್ ಇದೆಯೇ ನೋಡಿದರೆ ಎರಡು ನಿಮಿಷದ ಕೆಲಸ.

ಇದರ ಇನ್ನೊಂದು ಮಗ್ಗುಲು ಅಪಾಯದ್ದು. ರೋಲ್ ಸರ್ಟಿಫಿಕೇಟಿನಲ್ಲಿ ಅಚ್ಚಾಗಿಬಿಟ್ಟಿರುತ್ತದೆ. ಬಿಡುಗಡೆಯಿಂದ ತೂಕಕ್ಕೆ ಇಳಿಸಿದ ನೌಕರನ ಹೆಸರಿನ ಮುಂದೆ ಸಿಎಯಲ್ಲಿ ಬದಲಾಯಿಸಿದರೂ ಹಳೆಯ ಸರ್ಟಿಫಿಕೇಟ್ ಹಳೆಯ ಅಧಿಕಾರದಲ್ಲೇ ನಡೆಯುತ್ತಿರುತ್ತದೆ. ಬದಲಾವಣೆ ಎಂದರೆ ಮೂರು ಹೆಜ್ಜೆ: ಸಿಎಯಲ್ಲಿ ತಿದ್ದುವುದು, ಹೊಸದಾಗಿ ಎನ್‌ರೋಲ್ ಮಾಡುವುದು (ಸಿಎಯಿಂದ ಹೊಸ ಸರ್ಟಿಫಿಕೇಟ್ ಪಡೆಯುವುದು), ಹಳೆಯ ಸರ್ಟಿಫಿಕೇಟನ್ನು ಸೀರಿಯಲ್ ನಂಬರ್ ಮತ್ತು ಎಕೆಐ (ಅದನ್ನು ಕೊಟ್ಟ ಸಿಎಯ ಕೀಲಿಯ ಗುರುತು) ಕೊಟ್ಟು ರದ್ದು ಮಾಡುವುದು. ಇಲ್ಲಿ ಹೆಸರು ಕೊಟ್ಟು ರದ್ದು ಮಾಡಿದರೆ ಆ ವ್ಯಕ್ತಿಯ ಎಲ್ಲ ಸರ್ಟಿಫಿಕೇಟೂ ಹೋಗಿ, ಮತ್ತೆ ಎನ್‌ರೋಲ್ ಆಗುವ ದಾರಿಯೂ ಮುಚ್ಚುತ್ತದೆ.

ಸರ್ಟಿಫಿಕೇಟಿನ ಆಯುಷ್ಯ ಡಿಫಾಲ್ಟಾಗಿ 8760 ತಾಸು, ಒಂದು ವರ್ಷ. ಒಳಬರವಿನ ಸೀಸನ್ ಜನವರಿಯಿಂದ ಏಪ್ರಿಲ್. ತೂಕದ ಹುಡುಗರಿಗೆ ವರ್ಷದ ಕೀಲಿ ಏಕೆ? ಡಿಫಾಲ್ಟನ್ನು 2880 ತಾಸಿಗೆ, ಅಂದರೆ 120 ದಿನಕ್ಕೆ ಇಳಿಸಿದ್ದು. ಆದರೆ ಪೀರ್, ಆರ್ಡರರ್ ಕೂಡ ಅದೇ ಸಿಎಯಿಂದ ಎನ್‌ರೋಲ್ ಆದರೆ ಅವೂ 120 ದಿನಕ್ಕೆ ಸಾಯುತ್ತವೆ, ಮೇ ತಿಂಗಳಲ್ಲಿ ಜಾಲವೇ ಮಲಗುತ್ತದೆ. ನೋಡ್‌ಗಳಿಗೆ 17520 ತಾಸಿನ ಬೇರೆ ಪ್ರೊಫೈಲ್ ಬೇಕು. ಪ್ರೊಫೈಲ್ ಯಾವುದು ಎಂದು ಆರಿಸುವುದು ಎನ್‌ರೋಲ್ ಆಗುವ ಕಡೆಯವರು. ಹಾಗಾಗಿ ಎನ್‌ರೋಲ್ ರಹಸ್ಯವನ್ನು ನೌಕರರ ಕೈಗೆ ಕೊಡದೆ ಸಿಎ ತೆರೆಯುವವರೇ ಎನ್‌ರೋಲ್ ಮಾಡಿ ಮುಗಿಸಬೇಕು. ಅವಧಿ ಮುಗಿಯುತ್ತದಲ್ಲ ಎಂದು ನಿಶ್ಚಿಂತೆಯಿಂದ ಇರಲೂ ಆಗದು. ರೀಎನ್‌ರೋಲ್‌ಗೆ ಪಾಸ್‌ವರ್ಡ್ ಬೇಡ, ಚಾಲ್ತಿಯಲ್ಲಿರುವ ಸರ್ಟಿಫಿಕೇಟ್ ಇದ್ದರೆ ಸಾಕು. ಸಿಎ ಯಂತ್ರ ಆಫ್ ಇಡುವುದರ ಎರಡನೆಯ ಲಾಭ ಇದು.

ಯಾರ ಹೆಸರಿನಲ್ಲಿ ಸಹಿ

ಆ್ಯಪಿಗೆ ಒಂದೇ ಸರ್ಟಿಫಿಕೇಟ್ ಕೊಟ್ಟು, ಬಳಕೆದಾರರನ್ನು ಒಟಿಪಿಯಿಂದ ಗುರುತಿಸುವುದು ಎಲ್ಲರೂ ಮಾಡುವ ಅಡ್ಡದಾರಿ. ಆಗ ಲೆಡ್ಜರಿನಲ್ಲಿ ಎಲ್ಲ ಕೆಲಸವನ್ನೂ "ಆ್ಯಪ್" ಮಾಡಿದಂತೆ ಬರೆಯುತ್ತದೆ. ಊರಿಗೆಲ್ಲ ಒಂದೇ ಹೆಬ್ಬೆಟ್ಟು. ಇಲ್ಲಿ ತೂಕ, ಒಳಬರವು ನೌಕರರಿಗೆ ಆಳಿಗೊಂದು ಸರ್ಟಿಫಿಕೇಟ್, ಕೀಲಿ ಸರ್ವರಿನ ವ್ಯಾಲೆಟ್ಟಿನಲ್ಲಿ (ಕೀಲಿ, ಸರ್ಟಿಫಿಕೇಟ್ ಇಡುವ ಜಾಗ). ಬಿಡುಗಡೆ ಮತ್ತು ಬೋಜಾ ರೋಲಿನ ನಾಲ್ವರಿಗೆ ಮಾತ್ರ ಕೆಎಂಎಸ್‌ನಲ್ಲಿ ಪಿ-256 ಸಹಿ ಕೀಲಿ. ಅದು ಹೊರಗೆ ಬರುವುದೇ ಇಲ್ಲ, ಸಹಿ ಮಾತ್ರ ಬರುತ್ತದೆ. ಪ್ರತಿ ಸಹಿಯೂ ಕ್ಲೌಡ್‌ಟ್ರೇಲಿನಲ್ಲಿ ದಾಖಲಾಗುವುದರಿಂದ, ಲೆಡ್ಜರಿನಲ್ಲಿ ಬೋಜಾ ಇಳಿದ ಹೊತ್ತಿಗೆ ಅಲ್ಲೊಂದು ಸಹಿಯ ಸಾಲು ಇರಲೇಬೇಕು. ವಾರಕ್ಕೊಮ್ಮೆ ಎರಡನ್ನೂ ತಾಳೆ ನೋಡುವ ಸಣ್ಣ ಸ್ಕ್ರಿಪ್ಟ್ ಸಾಕು.

ಕೆಎಂಎಸ್ ಜೋಡಿಸಿದ ಮೊದಲ ದಿನ ವಹಿವಾಟುಗಳಲ್ಲಿ ಹೆಚ್ಚುಕಡಿಮೆ ಅರ್ಧ ತಿರಸ್ಕಾರವಾದವು. ಒಂದೇ ಕೋಡ್, ಒಂದೇ ಬಳಕೆದಾರ, ಒಮ್ಮೆ ಸರಿ, ಒಮ್ಮೆ ತಪ್ಪು. ಕಾರಣ: ಇಸಿಡಿಎಸ್‌ಎ ಸಹಿಯ ಎಸ್ ಎಂಬ ಸಂಖ್ಯೆ ವಕ್ರರೇಖೆಯ ಆರ್ಡರಿನ (ಆ ಸಹಿ ಗಣಿತದ ಒಂದು ನಿಗದಿತ ದೊಡ್ಡ ಸಂಖ್ಯೆ) ಅರ್ಧಕ್ಕಿಂತ ಕೆಳಗಿರಬೇಕೆಂದು ಫ್ಯಾಬ್ರಿಕ್ ಹಟ ಹಿಡಿಯುತ್ತದೆ, ಕೆಎಂಎಸ್ ಅಂಥ ಭರವಸೆ ಕೊಡುವುದಿಲ್ಲ. ಎಸ್ ಅರ್ಧಕ್ಕಿಂತ ದೊಡ್ಡದಾದರೆ ಆರ್ಡರಿನಿಂದ ಅದನ್ನು ಕಳೆದು, ಡಿಇಆರ್ ರೂಪಕ್ಕೆ ಮತ್ತೆ ಕಟ್ಟಿ ಕಳಿಸಬೇಕು. ಫ್ಯಾಬ್ರಿಕ್ ಗೇಟ್‌ವೇ ಲೈಬ್ರರಿಯ ಮಾಮೂಲಿ ಸೈನರ್ ಇದನ್ನು ತಾನೇ ಮಾಡುತ್ತದೆ, ನಾವೇ ಬರೆದ ಸೈನರ್ ಮಾಡುವುದಿಲ್ಲ.

ಚೈನ್‌ಕೋಡ್ ಮತ್ತು ಪಾಲಿಸಿ

ಪ್ರತಿ ಫಂಕ್ಷನ್ನಿನ ಮೊದಲ ಸಾಲು ಎರಡು ಪ್ರಶ್ನೆ: ಕರೆದವರ ಎಂಎಸ್‌ಪಿ ಯಾವುದು, ರೋಲ್ ಯಾವುದು. ರೋಲ್ ಒಂದನ್ನೇ ಕೇಳಿದರೆ ಸಾಲದು. ಬೆಳೆಗಾರರ ಕಂಪನಿಯ ಸಿಎ ಕೂಡ ತನ್ನವರಿಗೆ ಬೋಜಾ ಎಂಬ ಅಟ್ರಿಬ್ಯೂಟ್ ಹಚ್ಚಿ ಕಳಿಸಬಲ್ಲದು, ಯಾರೂ ತಡೆಯುವುದಿಲ್ಲ. ಬ್ಯಾಂಕಿನ ಎಂಎಸ್‌ಪಿಯಿಂದ ಬಂದ ಬೋಜಾ ಮಾತ್ರ ಬೋಜಾ.

ಲಾಟಿನ ಮೇಲೆ ಬೋಜಾ ಏರಿದ ಕೂಡಲೇ ಆ ಒಂದು ಕೀಗೆ ಮಾತ್ರ ಪ್ರತ್ಯೇಕ ಎಂಡಾರ್ಸ್‌ಮೆಂಟ್ ಪಾಲಿಸಿ ಹಾಕುವುದು: ಬ್ಯಾಂಕ್ ಮತ್ತು ಕೋಲ್ಡ್ ಸ್ಟೋರೇಜ್ ಎರಡರ ಪೀರೂ ಒಪ್ಪಬೇಕು. ಆ ಕೀಗೆ ಬರೆಯುವಾಗ ಚೈನ್‌ಕೋಡಿನ ಸಾಮಾನ್ಯ ಪಾಲಿಸಿ ಅಲ್ಲ, ಇದೇ ನಡೆಯುತ್ತದೆ. ಇದನ್ನು ಕಿತ್ತುಹಾಕಲೂ ಇದೇ ಪಾಲಿಸಿ ತೃಪ್ತಿಯಾಗಬೇಕು. ಇಲ್ಲೊಂದು ತಪ್ಪು ತಿಳಿವಳಿಕೆ ಬಲು ಸಾಮಾನ್ಯ. ಬ್ಯಾಂಕಿನ ಪೀರ್ ಒಪ್ಪಿತು ಎಂದರೆ ಬ್ಯಾಂಕಿನ ಮನುಷ್ಯ ಒಪ್ಪಿದ ಎಂದಲ್ಲ. ಚೈನ್‌ಕೋಡ್ ತಪ್ಪು ಹೇಳದಿದ್ದರೆ ಪೀರ್ ರಾತ್ರಿ ಎರಡು ಗಂಟೆಗೂ ಸಹಿ ಹಾಕುತ್ತದೆ. ಕೋಲ್ಡ್ ಸ್ಟೋರೇಜಿನವರು ತಮ್ಮ ಪೀರಿನಲ್ಲಿ ಚೈನ್‌ಕೋಡ್ ತಿರುಚಿದರೆ ಈ ಪಾಲಿಸಿ ಕಾಯುತ್ತದೆ. ಮನುಷ್ಯನ ಒಪ್ಪಿಗೆ ಕಾಯುವುದು ಮೇಲಿನ ಎಂಎಸ್‌ಪಿ-ರೋಲ್ ಪ್ರಶ್ನೆ ಮಾತ್ರ. ಎರಡೂ ಬೇಕು.

ದರದ ಮಾಹಿತಿ ಪ್ರೈವೇಟ್ ಡೇಟಾ ಕಲೆಕ್ಷನ್ನಿನಲ್ಲಿ (ಆಯ್ದ ಸಂಸ್ಥೆಗಳ ಪೀರಿಗಷ್ಟೇ ಹೋಗುವ ಜಾಗ). ಚಾನೆಲಿಗೆ, ಅಂದರೆ ಎಲ್ಲ ಸಂಸ್ಥೆಗಳು ಹಂಚಿಕೊಂಡ ಲೆಡ್ಜರಿಗೆ, ಅದರ ಹ್ಯಾಶ್ (ಡಿಜಿಟಲ್ ಬೆರಳಚ್ಚು) ಮಾತ್ರ ಹೋಗುತ್ತದೆ, ಆದರೆ ಕಿಲೋ ದರ ಎಷ್ಟಿರಬಹುದು ಎಂದು ನೂರಿನಿಂದ ಐನೂರರ ತನಕ ಒಂದೊಂದೇ ಹ್ಯಾಶ್ ಮಾಡಿ ಊಹಿಸಲು ಕ್ಷಣ ಸಾಕು. ದಾಖಲೆಯಲ್ಲಿ ಯಾದೃಚ್ಛಿಕ ಉಪ್ಪು (ಸಾಲ್ಟ್, ಊಹಿಸಲಾಗದ ಅಕ್ಷರಗಳು) ಬೆರೆಸಬೇಕು. ದರವನ್ನು ಬ್ಲಾಕಿಗೆ ಹೋಗದ ಟ್ರಾನ್ಸಿಯೆಂಟ್ ಜಾಗದಲ್ಲಿ ಕಳಿಸಬೇಕು. ಆರ್ಗ್ಯುಮೆಂಟಿನಲ್ಲಿ ಕಳಿಸಿದರೆ ಪ್ರಪೋಸಲ್ (ಪೀರಿಗೆ ಕಳಿಸುವ ಕೋರಿಕೆ) ಜೊತೆ ಬ್ಲಾಕಿನಲ್ಲಿ ಕೂತು ಎಲ್ಲರಿಗೂ ಕಾಣುತ್ತದೆ.

ಲೆಕ್ಕಪರಿಶೋಧಕರಿಗೆ ಓದುವ ಅಧಿಕಾರವಷ್ಟೇ ಕೊಡುವುದು ಅಂದುಕೊಂಡಷ್ಟು ಸಲೀಸಲ್ಲ. ಕ್ವೆರಿ ಕೂಡ ಪ್ರಪೋಸಲ್ ಆಗಿಯೇ ಪೀರಿಗೆ ಬರುತ್ತದೆ, ಪ್ರಪೋಸಲಿಗೆ ಡಿಫಾಲ್ಟಾಗಿ ರೈಟರ್ಸ್ ಪಾಲಿಸಿ ಬೇಕು. ಅವರನ್ನು ರೀಡರ್ಸ್‌ನಲ್ಲಿ ಮಾತ್ರ ಇಟ್ಟರೆ ಕ್ವೆರಿಯೂ ಸೋಲುತ್ತದೆ. ಚಾನೆಲ್ ಸಂರಚನೆಯ ಎಸಿಎಲ್‌ನಲ್ಲಿ (ಅನುಮತಿ ಪಟ್ಟಿ) ಪೀರ್ ಪ್ರಪೋಸ್ ಎಂಬ ಸಾಲನ್ನು ರೀಡರ್ಸ್‌ಗೆ ತಿರುಗಿಸಿ, ಅವರ ಎಂಎಸ್‌ಪಿಯ ರೈಟರ್ಸ್‌ನಲ್ಲಿ ಕ್ಲೈಂಟ್ ಬಗೆಯನ್ನು ಕೈಬಿಟ್ಟಿದ್ದು. ಈಗ ಅವರು ಬರೆಯುವ ಫಂಕ್ಷನ್ ಕರೆದರೂ ಪೀರ್ ಓಡಿಸಿ ನೋಡೀತು, ಆರ್ಡರರ್ ಸಹಿ ನೋಡಿ ತಳ್ಳುತ್ತದೆ.

ಕಿತ್ತುಕೊಳ್ಳುವ ತಾಲೀಮು

ಪರೀಕ್ಷೆಗೆಂದು ಬಿಡುಗಡೆ ರೋಲಿನ ಒಂದು ಹೆಸರು ಮಾಡಿ, ಒಂದು ಲಾಟು ಬಿಡಿಸಿ, ಸಿಎಯಲ್ಲಿ ರದ್ದು ಮಾಡಿದ್ದು. ಅದೇ ವ್ಯಾಲೆಟ್ಟಿನಿಂದ ಎರಡನೇ ಲಾಟು ಬಿಡಿಸಿದರೆ, ಅದೂ ಬಿಡುಗಡೆಯಾಯಿತು. ದೋಷವಲ್ಲ, ಫ್ಯಾಬ್ರಿಕ್ ಹಾಗೆಯೇ ಇದೆ. ಪೀರ್ ಎಂದೂ ಸಿಎಯನ್ನು ಕೇಳಲು ಹೋಗುವುದಿಲ್ಲ. ಅದು ನಂಬುವುದು ಚಾನೆಲ್ ಸಂರಚನೆಯೊಳಗಿನ ಎಂಎಸ್‌ಪಿಯನ್ನು. ರದ್ದಾದವರ ಪಟ್ಟಿ, ಅಂದರೆ ಸಿಆರ್‌ಎಲ್, ಅಲ್ಲಿಗೆ ಮುಟ್ಟಬೇಕು.

ಕ್ರಮ ಹೀಗೆ. ಸಿಎಯಿಂದ ಸಿಆರ್‌ಎಲ್ ಹುಟ್ಟಿಸಿ ಬೇಸ್64ಗೆ ತಿರುಗಿಸುವುದು. ಚಾನೆಲಿನ ಇತ್ತೀಚಿನ ಕಾನ್ಫಿಗ್ ಬ್ಲಾಕ್ ಇಳಿಸಿ, ಕಾನ್ಫಿಗ್‌ಟಿಎಕ್ಸ್‌ಲೇಟರ್‌ನಿಂದ ಜೇಸನ್ ಮಾಡುವುದು. ಆ ಸಂಸ್ಥೆಯ ಎಂಎಸ್‌ಪಿಯೊಳಗಿನ ರಿವೊಕೇಶನ್ ಲಿಸ್ಟ್ ಜಾಗದಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಇಡುವುದು; ಹೊಸ ಪಟ್ಟಿಯಲ್ಲಿ ಅವಧಿ ಮುಗಿಯದ ಎಲ್ಲ ರದ್ದತಿಗಳೂ ಇರುವುದರಿಂದ ಸೇರಿಸುತ್ತ ಹೋಗಬೇಕಿಲ್ಲ. ಎರಡು ಜೇಸನ್ನಿನ ವ್ಯತ್ಯಾಸ ಲೆಕ್ಕಹಾಕಿಸಿ, ಆ ಸಂಸ್ಥೆಯ ಅಡ್ಮಿನ್ ಸಹಿ ಹಾಕಿ ಅಪ್‌ಡೇಟ್ ಕಳಿಸುವುದು. ತನ್ನ ಎಂಎಸ್‌ಪಿ ತಿದ್ದಲು ತನ್ನ ಅಡ್ಮಿನ್ ಸಹಿ ಒಂದೇ ಸಾಕು, ಬ್ಯಾಂಕಿನವರನ್ನು ರವಿವಾರ ಎಬ್ಬಿಸುವ ಕೆಲಸವಿಲ್ಲ.

ಮೊದಲ ಯತ್ನ ಸೋತಿತು. ಒಂದೇ ಎಂಎಸ್‌ಪಿಯ ಎರಡು ಬೇರೆ ಆವೃತ್ತಿ ಇದೆ ಎಂಬ ತಕರಾರು. ಪ್ರತಿ ಸಂಸ್ಥೆ ಆರ್ಡರರನ್ನೂ ಅದೇ ಎಂಎಸ್‌ಪಿಯಲ್ಲಿ ನಡೆಸುತ್ತಿದ್ದರಿಂದ ಅಪ್ಲಿಕೇಶನ್ ಗುಂಪಿನಲ್ಲೂ ಆರ್ಡರರ್ ಗುಂಪಿನಲ್ಲೂ ಅದರ ಪ್ರತಿ ಇತ್ತು, ತಿದ್ದಿದ್ದು ಒಂದನ್ನು. ಎರಡೂ ಕಡೆ ಅಕ್ಷರಶಃ ಒಂದೇ ಪಟ್ಟಿ ಇಟ್ಟು ಒಂದೇ ಅಪ್‌ಡೇಟಿನಲ್ಲಿ ಕಳಿಸಿದಾಗ ಹೋಯಿತು. ಹೊಸದಾಗಿ ಕಟ್ಟುವವರು ಆರ್ಡರರಿಗೆ ಬೇರೆ ಎಂಎಸ್‌ಪಿ ಹೆಸರು ಇಟ್ಟರೆ ಈ ಗೋಜಲು ಬಾರದು.

ಕಾನ್ಫಿಗ್ ಬ್ಲಾಕ್ ಕಮಿಟ್ ಆದ ಮೇಲೆ ಅದೇ ವ್ಯಾಲೆಟ್ಟಿನಿಂದ ಮೂರನೇ ಲಾಟು: ಆ್ಯಕ್ಸೆಸ್ ಡಿನೈಡ್. ಪೀರ್ ಲಾಗಿನಲ್ಲಿ ಸರ್ಟಿಫಿಕೇಟ್ ರದ್ದಾಗಿದೆ ಎಂಬ ಸಾಲು. ಆಗಲೇ ತೆರೆದಿದ್ದ ಬ್ಲಾಕ್ ಈವೆಂಟ್ ಹರಿವೂ ಕಡಿಯಿತು. ಸಂರಚನೆ ಬದಲಾದಾಗ ಪೀರ್ ಆ ಸಂಪರ್ಕದ ಅಧಿಕಾರವನ್ನು ಮರುಪರೀಕ್ಷಿಸುತ್ತದೆ.

ಈ ಹೆಜ್ಜೆಗಳನ್ನು ಒಂದೇ ಸ್ಕ್ರಿಪ್ಟಿಗೆ ಕಟ್ಟಿ, ಅದರ ತುದಿಗೆ ಎರಡು ಕೆಲಸ ಅಂಟಿಸಿದ್ದು: ಐಡೆಂಟಿಟಿ ಸೆಂಟರಿನಿಂದ ಹೆಸರು ತೆಗೆದು ಹಳೆಯ ಸೆಷನ್ ರದ್ದು ಮಾಡುವುದು, ಕೆಎಂಎಸ್ ಕೀಲಿ ಇದ್ದವರದಾದರೆ ಅದನ್ನು ಡಿಸೇಬಲ್ ಮಾಡುವುದು. ಡಿಲೀಟ್ ಬೇಡ, ಡಿಲೀಟಿಗೆ ಹೇಗೂ 7ರಿಂದ 30 ದಿನ ಕಾಯಬೇಕು, ಡಿಸೇಬಲ್ ಕೂಡಲೇ ನಡೆಯುತ್ತದೆ. ಸಿಎ ಡೇಟಾಬೇಸ್ ಫೈಲಿನ ಬ್ಯಾಕಪ್ ತೆಗೆದ ಮೇಲೆಯೇ ಸ್ಕ್ರಿಪ್ಟ್ ಸಿಎ ಯಂತ್ರವನ್ನು ಆಫ್ ಮಾಡುತ್ತದೆ. ಆ ಫೈಲ್ ಕಳೆದರೆ ಹೆಸರು ಹಿಡಿದು ರದ್ದು ಮಾಡುವ ದಾರಿಯೇ ಇರುವುದಿಲ್ಲ.